ಮೊಳಕೆ ಜೋಳದಲ್ಲಿ ಅಮೈಲೇಸ್ ಅಳೆಯುವುದು ಹೇಗೆ: ಕಲಬುರಗಿಯ ಬಿಸಿಲಿಗೆ ಹೊಂದುವ ಪೂರ್ತಿ ವಿಧಾನ

ಪಿಷ್ಟವನ್ನು ಒಡೆದು ಸಕ್ಕರೆ ಮಾಡುವ ಕಿಣ್ವವೇ ಅಮೈಲೇಸ್. ಕಾಲೇಜುಗಳಲ್ಲಿ ಇದರ ಪ್ರಾಕ್ಟಿಕಲ್ ಅನ್ನು ಹೆಚ್ಚಾಗಿ ಜೊಲ್ಲಿನಿಂದ ಮಾಡಿಸುತ್ತಾರೆ. ನಮ್ಮ ಭಾಗದಲ್ಲಿ ಅದಕ್ಕಿಂತ ಒಳ್ಳೆಯ ಮೂಲ ಎಲ್ಲರ ಮನೆಯಲ್ಲೂ ಇದೆ. ಅದು ಬಿಳಿಜೋಳ. ಮೂರು ದಿನ ಮೊಳಕೆ ಬರಿಸಿದರೆ ಇಡೀ ಕ್ಲಾಸಿಗೆ ಸಾಕಾಗುವಷ್ಟು ಕಿಣ್ವ ಸಿಗುತ್ತದೆ. ಎಲ್ಲರೂ ಒಂದೇ ಸ್ಯಾಂಪಲ್ ಅಳೆಯುವುದರಿಂದ ಯಾರ ಕೈ ಎಷ್ಟು ಸರಿ ಎಂಬುದೂ ಹೋಲಿಸಿದಾಗ ಕಾಣುತ್ತದೆ. ಜೊಲ್ಲಿನಲ್ಲಿ ಈ ಅನುಕೂಲ ಇಲ್ಲ, ಏಕೆಂದರೆ ಒಬ್ಬೊಬ್ಬರದು ಒಂದೊಂದು ಥರ.

ಇದಕ್ಕೆ ಇತಿಹಾಸದ ನಂಟೂ ಇದೆ. 1833ರಲ್ಲಿ ಫ್ರಾನ್ಸಿನ ಪಾಯೆನ್ ಮತ್ತು ಪೆರ್ಸೋ ಮೊಳಕೆ ಬಾರ್ಲಿಯ ನೀರಿನಿಂದ ಪಿಷ್ಟ ಕರಗಿಸುವ ಒಂದು ವಸ್ತುವನ್ನು ಬೇರ್ಪಡಿಸಿದರು. ಅದಕ್ಕೆ ಡಯಾಸ್ಟೇಸ್ ಎಂದು ಹೆಸರಿಟ್ಟರು. ಹೀಗೆ ಬೇರ್ಪಡಿಸಿದ ಮೊದಲ ಕಿಣ್ವ ಅದೇ. ನಾವು ಮಾಡಹೊರಟಿರುವುದೂ ಹೆಚ್ಚುಕಡಿಮೆ ಅದೇ ಕೆಲಸ, ಬಾರ್ಲಿಯ ಬದಲು ಜೋಳದಲ್ಲಿ.

ಶುರು ಮಾಡುವ ಮೊದಲು ಒಂದು ಮಾತು ಗಟ್ಟಿ ಮಾಡಿಕೊಳ್ಳಿ. ಕಿಣ್ವವನ್ನು ಅಳೆಯುವುದು ಎಂದರೆ ವೇಗವನ್ನು ಅಳೆಯುವುದು. ಒಂದು ಟ್ಯೂಬು, ಒಂದು ರೀಡಿಂಗ್, ಅದರಿಂದ ಒಂದು ಉತ್ತರ ಎಂಬ ಕ್ರಮದಲ್ಲಿ ವೇಗ ಸಿಗುವುದಿಲ್ಲ. ಕಲರಿಮೀಟರ್ ತೋರಿಸುವುದು ಬಣ್ಣ ಎಷ್ಟಿದೆ ಎಂದಷ್ಟೇ. ಆ ಬಣ್ಣ ಎಷ್ಟು ಹೊತ್ತಿನಲ್ಲಿ, ಎಷ್ಟು ಬಿಸಿಯಲ್ಲಿ, ಎಷ್ಟು ಕಿಣ್ವದಿಂದ ಬಂತು ಎನ್ನುವುದನ್ನು ನೀವೇ ಕಾಯ್ದುಕೊಳ್ಳಬೇಕು. ಕೆಳಗೆ ಬರುವ ಒಂದೊಂದು ಹೆಜ್ಜೆಯೂ ಇದಕ್ಕಾಗಿಯೇ ಇದೆ.

ಜೋಳ ಮೊಳಕೆ ಬರಿಸುವುದು

ಊಟಕ್ಕೆ ತಂದ ಜೋಳವನ್ನೇ ತೆಗೆದುಕೊಳ್ಳಿ. ಬಿತ್ತನೆ ಬೀಜದ ಪ್ಯಾಕೆಟ್ ಬೇಡ. ಅದಕ್ಕೆ ಔಷಧಿ ಹಚ್ಚಿರುತ್ತಾರೆ, ಕಾಳು ಗುಲಾಬಿಯೋ ಹಸಿರೋ ಬಣ್ಣದಲ್ಲಿರುತ್ತದೆ. ಮಾಲ್ದಂಡಿ ಎಂದು ಕರೆಯುವ ಎಂ 35-1 ತಳಿಯ ಹಿಂಗಾರಿ ಬಿಳಿಜೋಳ ಸಿಕ್ಕರೆ ತುಂಬ ಒಳ್ಳೆಯದು. ಬಿಳಿಜೋಳದಲ್ಲಿ ಟ್ಯಾನಿನ್ ತೀರಾ ಕಡಿಮೆ. ಕೆಂಪು, ಕಂದು ಬಣ್ಣದ ಕೆಲವು ಜೋಳಗಳಲ್ಲಿ ಟ್ಯಾನಿನ್ ಜಾಸ್ತಿ ಇರುತ್ತದೆ. ಅದು ಕಿಣ್ವಕ್ಕೆ ಅಂಟಿಕೊಂಡು ಅದರ ಕೆಲಸ ತಗ್ಗಿಸುತ್ತದೆ.

50 ಗ್ರಾಂ ಕಾಳು ಆರಿಸಿ, ಒಡೆದದ್ದನ್ನು ತೆಗೆದುಹಾಕಿ. ಶೇ. 1ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ 10 ನಿಮಿಷ ಇಟ್ಟು, ನಾಲ್ಕೈದು ಸಲ ಚೆನ್ನಾಗಿ ತೊಳೆಯಿರಿ. ಈ ಹೆಜ್ಜೆ ಬಿಡಬೇಡಿ. ಬೂಸ್ಟು ಹಿಡಿದರೆ ಕಾಳು ಕೆಡುವುದಷ್ಟೇ ಅಲ್ಲ, ಆಸ್ಪರ್ಜಿಲ್ಲಸ್‌ನಂಥ ಬೂಸ್ಟುಗಳು ತಮ್ಮದೇ ಅಮೈಲೇಸ್ ತಯಾರಿಸುತ್ತವೆ. ಆಗ ನೀವು ಅಳೆಯುವುದು ಜೋಳವನ್ನೋ ಬೂಸ್ಟನ್ನೋ ಗೊತ್ತಾಗುವುದಿಲ್ಲ.

ರಾತ್ರಿ ಪೂರ್ತಿ ನೆನೆಸಿ, ನಡುವೆ ಒಮ್ಮೆ ನೀರು ಬದಲಿಸಿ. ಬೆಳಗ್ಗೆ ಬಸಿದು ಒದ್ದೆ ಹತ್ತಿ ಬಟ್ಟೆಯಲ್ಲಿ ಹರಡಿ ಮುಚ್ಚಿಡಿ. ದಿನಕ್ಕೆ ಎರಡು ಸಲ ನೀರು ಚಿಮುಕಿಸಿ. 25ರಿಂದ 30 ಡಿಗ್ರಿ ಶಾಖ ಬೇಕು. ಚಳಿಗಾಲದ ಹಗಲಿನಲ್ಲಿ ಇದು ತಾನಾಗಿಯೇ ಸಿಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬಟ್ಟೆ ಗಂಟೆಗಟ್ಟಲೆ ಹಸಿ ಇರುವುದೇ ಇಲ್ಲ. ಆಗ ಮಣ್ಣಿನ ಗಡಿಗೆಯೊಳಗಿಟ್ಟು, ಗಡಿಗೆಗೇ ಒದ್ದೆ ಬಟ್ಟೆ ಸುತ್ತಿ, ಮನೆಯ ತಂಪು ಮೂಲೆಯಲ್ಲಿಡಿ.

ಪುರುಸೊತ್ತು ಇದ್ದರೆ ದಿನಕ್ಕೊಂದು ಹಿಡಿ ತೆಗೆದು ಬೇರೆ ಬೇರೆ ಅಳೆಯಿರಿ: ನೆನೆಸದ ಕಾಳು, ಮೊದಲ ದಿನ, ಎರಡನೇ ದಿನ, ಹೀಗೆ ನಾಲ್ಕನೇ ದಿನದವರೆಗೆ. ಒಣಕಾಳಿನಲ್ಲಿ ಅಮೈಲೇಸ್ ಬಹಳ ಕಡಿಮೆ. ಮೊಳಕೆಯೊಡೆಯುವಾಗ ಕಾಳು ತನ್ನ ಪಿಷ್ಟವನ್ನು ಸಕ್ಕರೆ ಮಾಡಿಕೊಳ್ಳಲು ಈ ಕಿಣ್ವವನ್ನು ಹೊಸದಾಗಿ ತಯಾರಿಸುತ್ತದೆ. ಆ ಏರಿಕೆ ನಿಮ್ಮದೇ ಗ್ರಾಫಿನಲ್ಲಿ ಮೂಡುವುದನ್ನು ನೋಡುವ ಖುಷಿ ಬೇರೆ.

ಎಚ್ಚರಿಕೆ ಒಂದಿದೆ. ಈ ಮೊಳಕೆಯನ್ನು ತಿನ್ನಬೇಡಿ. ಜೋಳದ ಎಳೆ ಚಿಗುರಿನಲ್ಲಿ ಧುರಿನ್ ಎಂಬ ವಸ್ತು ಇರುತ್ತದೆ, ಅದು ಒಡೆದರೆ ಸೈನೈಡ್ ಬಿಡುತ್ತದೆ. ಎಳೆ ಜೋಳದ ಪೈರಿಗೆ ದನ ಬಿಡಬಾರದು ಎಂದು ನಮ್ಮ ರೈತರು ಹೇಳುವುದು ಇದಕ್ಕೇ. ಹೆಸರುಕಾಳಿನ ಮೊಳಕೆಯ ಹಾಗೆ ಇದಲ್ಲ.

ದ್ರಾವಣಗಳು

ಎಲ್ಲದಕ್ಕೂ ಡಿಸ್ಟಿಲ್ಡ್ ವಾಟರ್ ಬಳಸಿ. ನಮ್ಮ ಕಡೆಯ ಬೋರ್ ನೀರು ಗಡಸು, ಅದರಲ್ಲಿ ಕ್ಯಾಲ್ಸಿಯಂ ಇರುತ್ತದೆ. ಅಮೈಲೇಸ್‌ನಲ್ಲಿ ಆಲ್ಫಾ, ಬೀಟಾ ಎಂದು ಎರಡು ಬಗೆ. ಆಲ್ಫಾ ಅಮೈಲೇಸ್‌ಗೆ ಕ್ಯಾಲ್ಸಿಯಂ ಬೇಕು, ಅದಿದ್ದರೆ ಕಿಣ್ವ ಗಟ್ಟಿಯಾಗಿ ನಿಲ್ಲುತ್ತದೆ. ಹೇಗೂ ಕ್ಯಾಲ್ಸಿಯಂ ಬೇಕಲ್ಲ, ಬೋರ್ ನೀರೇ ಸಾಕು ಅಂದುಕೊಳ್ಳಬೇಡಿ. ಒಂದೊಂದು ಊರಿನ ನೀರಿನಲ್ಲಿ ಒಂದೊಂದು ಪ್ರಮಾಣ ಇದ್ದರೆ ನಿಮ್ಮ ಫಲಿತಾಂಶವೂ ಊರಿಗೊಂದು ಥರ ಬರುತ್ತದೆ. ಶುದ್ಧ ನೀರಿಗೆ ನಾವೇ ಅಳೆದು ಹಾಕೋಣ.

ಮೊದಲು ಬಫರ್, ಅಂದರೆ ಪಿಎಚ್ (ಆಮ್ಲ-ಕ್ಷಾರದ ಮಟ್ಟ) ಏರಿಳಿಯದಂತೆ ಹಿಡಿದಿಡುವ ದ್ರಾವಣ. 1 ಲೀಟರ್ ನೀರಿಗೆ 13.6 ಗ್ರಾಂ ಸೋಡಿಯಂ ಅಸಿಟೇಟ್ ಟ್ರೈಹೈಡ್ರೇಟ್ ಹಾಕಿದರೆ 0.1 ಮೋಲಾರ್ ಅಸಿಟೇಟ್. ಇನ್ನೊಂದು 1 ಲೀಟರಿಗೆ 5.8 ಮಿ.ಲೀ. ಗ್ಲೇಸಿಯಲ್ ಅಸಿಟಿಕ್ ಆಮ್ಲ ಹಾಕಿದರೆ 0.1 ಮೋಲಾರ್ ಆಮ್ಲ. ಅಸಿಟೇಟ್ 700 ಮಿ.ಲೀ., ಆಮ್ಲ 300 ಮಿ.ಲೀ. ಬೆರೆಸಿದರೆ ಪಿಎಚ್ 5.0ರ ಹತ್ತಿರ ಬರುತ್ತದೆ. ಪಿಎಚ್ ಮೀಟರ್‌ನಲ್ಲಿ ನೋಡಿ, ಯಾವುದು ಬೇಕೋ ಅದನ್ನು ಚೂರು ಸೇರಿಸಿ 5.0ಕ್ಕೆ ತನ್ನಿ. ಇದಕ್ಕೆ 0.74 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ ಕರಗಿಸಿ, 5 ಮಿಲಿಮೋಲಾರ್ ಆಗುತ್ತದೆ. ಜೊಲ್ಲಿನ ಪ್ರಯೋಗಕ್ಕೆ ಬಳಸುವ ಫಾಸ್ಫೇಟ್ ಬಫರ್ ಇಲ್ಲಿ ಬೇಡ. ಫಾಸ್ಫೇಟ್ ಕ್ಯಾಲ್ಸಿಯಂ ಜೊತೆ ಸೇರಿ ಗಸಿಯಾಗಿ ಕೂರುತ್ತದೆ. ಜೊಲ್ಲಿನ ಅಮೈಲೇಸ್‌ಗೆ ಪಿಎಚ್ 6.9 ಹಿತ, ಕಾಳಿನ ಅಮೈಲೇಸ್‌ಗೆ 5ರ ಆಸುಪಾಸು.

ಪಿಷ್ಟದ ದ್ರಾವಣ ಶೇ. 1ರದ್ದು. 1 ಗ್ರಾಂ ಸಾಲ್ಯುಬಲ್ ಸ್ಟಾರ್ಚ್ ಅನ್ನು ಸ್ವಲ್ಪ ತಣ್ಣನೆ ಬಫರ್‌ನಲ್ಲಿ ಗಂಟಿಲ್ಲದಂತೆ ಕಲಸಿ. ಕುದಿಯುವ 80 ಮಿ.ಲೀ. ಬಫರ್‌ಗೆ ಸುರಿದು ಕೈಯಾಡಿಸುತ್ತ ಒಂದೆರಡು ನಿಮಿಷ ಕುದಿಸಿ. ಆರಿದ ಮೇಲೆ 100 ಮಿ.ಲೀ. ಮಾಡಿ. ಅಂದಿನದನ್ನು ಅಂದೇ ಬಳಸಿ. ಫ್ರಿಜ್‌ನಲ್ಲಿಟ್ಟ ಪಿಷ್ಟ ಮೋಡ ಕಟ್ಟಿ ತಳಕ್ಕಿಳಿಯುತ್ತದೆ.

ಕಿಣ್ವ ಬಿಡಿಸಿದ ಸಕ್ಕರೆಯ ಜೊತೆ ಕುದಿಸಿದಾಗ ಬಣ್ಣ ಬರಿಸುವುದು ಡಿಎನ್‌ಎಸ್, ಅಂದರೆ ಡೈನೈಟ್ರೋಸ್ಯಾಲಿಸಿಲಿಕ್ ಆಮ್ಲ. 1 ಗ್ರಾಂ ಪುಡಿಯನ್ನು 2 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ 20 ಮಿ.ಲೀ.ನಲ್ಲಿ ಕಲಸಿ, 50 ಮಿ.ಲೀ. ನೀರು ಸೇರಿಸಿ, ಉಗುರು ಬೆಚ್ಚಗೆ ಮಾಡಿ ಕರಗಿಸಿ. 30 ಗ್ರಾಂ ಸೋಡಿಯಂ ಪೊಟ್ಯಾಸಿಯಂ ಟಾರ್ಟರೇಟ್ ಅನ್ನು ಸ್ವಲ್ಪಸ್ವಲ್ಪವೇ ಹಾಕುತ್ತ ಕಲಕಿ. 100 ಮಿ.ಲೀ.ಗೆ ತಂದು ಕಂದು ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿಡಿ. ಇದು ಖಾರ ಕ್ಷಾರ, ಕಣ್ಣಿಗೆ ಹಾರಿದರೆ ಕಷ್ಟ. ಕನ್ನಡಕ ಹಾಕಿಕೊಳ್ಳಿ. ಪಿಪೆಟ್ಟಿಗೆ ಬಾಯಿ ಹಚ್ಚಿ ಎಳೆಯುವುದಂತೂ ಬೇಡವೇ ಬೇಡ.

ಈ ಡಿಎನ್‌ಎಸ್ ಬಗ್ಗೆ ಒಂದು ಸಂಗತಿ ಹೇಳಲೇಬೇಕು. ಇದನ್ನು 1920ರ ದಶಕದ ಆರಂಭದಲ್ಲಿ ಬಳಕೆಗೆ ತಂದವರು ಜೇಮ್ಸ್ ಸಮ್ನರ್, ಸಕ್ಕರೆ ಕಾಯಿಲೆಯವರ ಮೂತ್ರದಲ್ಲಿ ಸಕ್ಕರೆ ಅಳೆಯುವುದಕ್ಕೆ. ಹುಡುಗನಾಗಿದ್ದಾಗಲೇ ಎಡಗೈ ಕಳೆದುಕೊಂಡಿದ್ದ ಮನುಷ್ಯ, ಅದೂ ಮೊದಲಿನಿಂದ ಎಡಚ. 1926ರಲ್ಲಿ ಯೂರಿಯೇಸ್ ಕಿಣ್ವವನ್ನು ಹರಳು ಮಾಡಿ, ಕಿಣ್ವ ಎಂದರೆ ಪ್ರೋಟೀನ್ ಎಂದು ತೋರಿಸಿದವರೂ ಅವರೇ. 1946ರಲ್ಲಿ ನೊಬೆಲ್ ಬಂತು. ನಾವು ಇಂದು ಹೆಚ್ಚಾಗಿ ಬಳಸುವುದು 1959ರಲ್ಲಿ ಮಿಲ್ಲರ್ ತಿದ್ದಿ ಪ್ರಕಟಿಸಿದ ಕ್ರಮದ ಜಾಡನ್ನು.

ಸತ್ವ ತೆಗೆಯುವುದು

ಕಲ್ಬತ್ತು, ಬಫರ್ ಎರಡನ್ನೂ ಮೊದಲೇ ಫ್ರಿಜ್‌ನಲ್ಲಿಟ್ಟು ತಣ್ಣಗೆ ಮಾಡಿಕೊಳ್ಳಿ. 2 ಗ್ರಾಂ ಮೊಳಕೆ ಕಾಳು ತೂಗಿ, ಚಿಟಿಕೆ ತೊಳೆದ ಮರಳು ಹಾಕಿ, ತಣ್ಣನೆ ಬಫರ್ ಸ್ವಲ್ಪಸ್ವಲ್ಪ ಬಿಡುತ್ತ ನುಣ್ಣಗೆ ಅರೆಯಿರಿ. ಒಟ್ಟು 10 ಮಿ.ಲೀ. ಆಗಲಿ. ಐಸಿನಲ್ಲಿ ಅರ್ಧ ಗಂಟೆ ಬಿಡಿ, ನಡುನಡುವೆ ಅಲುಗಿಸಿ. ನಾಲ್ಕು ಪದರದ ತೆಳು ಬಟ್ಟೆಯಲ್ಲಿ ಸೋಸಿ 15 ನಿಮಿಷ ಸೆಂಟ್ರಿಫ್ಯೂಜ್ ಮಾಡಿ, ಅಂದರೆ ಮಷಿನ್‌ನಲ್ಲಿ ಜೋರಾಗಿ ತಿರುಗಿಸಿ ಗಸಿಯನ್ನು ತಳಕ್ಕಿಳಿಸಿ.

ರೆಕಾರ್ಡ್ ಬುಕ್ಕಿನಲ್ಲಿ ಬರೀ 5000 ಆರ್‌ಪಿಎಂ ಎಂದು ಬರೆದರೆ ಸಾಲದು. ಬೇರೆ ಮಷಿನ್‌ನಲ್ಲಿ ಅದೇ ಆರ್‌ಪಿಎಂ ಬೇರೆ ಬಲ ಕೊಡುತ್ತದೆ. ರೋಟರಿನ ತ್ರಿಜ್ಯವನ್ನು ಸೆಂಟಿಮೀಟರಿನಲ್ಲಿ ಅಳೆದು, ಅದನ್ನು ಆರ್‌ಪಿಎಂನ ವರ್ಗದಿಂದ ಗುಣಿಸಿ, 0.00001118ರಿಂದ ಮತ್ತೆ ಗುಣಿಸಿ. ತ್ರಿಜ್ಯ 10 ಸೆಂ.ಮೀ. ಇದ್ದರೆ 5000 ಆರ್‌ಪಿಎಂ ಸುಮಾರು 2800 ಜಿ, ಅಂದರೆ ಭೂಮಿಯ ಗುರುತ್ವದ 2800 ಪಟ್ಟು ಆಗುತ್ತದೆ. ಇದನ್ನು ಬರೆಯಿರಿ.

ಮೇಲಿನ ತಿಳಿಯೇ ನಮ್ಮ ಕಿಣ್ವ. ಐಸಿನಲ್ಲೇ ಇರಲಿ. ಅದರ ಒಟ್ಟು ಅಳತೆ ಬರೆದಿಟ್ಟುಕೊಳ್ಳಿ, ಲೆಕ್ಕಕ್ಕೆ ಬೇಕಾಗುತ್ತದೆ.

ಈಗ ಇದನ್ನು ಎಷ್ಟು ತೆಳು ಮಾಡಬೇಕು? ಇದಕ್ಕೆ ಅಯೋಡಿನ್ ದಾರಿ ತೋರಿಸುತ್ತದೆ, ಪಿಷ್ಟ ಇದ್ದರೆ ಅದು ನೀಲಿಯಾಗುತ್ತದೆ. 2 ಗ್ರಾಂ ಪೊಟ್ಯಾಸಿಯಂ ಅಯೋಡೈಡ್, 0.2 ಗ್ರಾಂ ಅಯೋಡಿನ್, 100 ಮಿ.ಲೀ. ನೀರು ಸೇರಿಸಿ ದ್ರಾವಣ ಮಾಡಿಕೊಳ್ಳಿ. ಬಿಳಿ ಟೈಲ್ ಮೇಲೆ ಹನಿಹನಿಯಾಗಿ ಇಟ್ಟುಕೊಳ್ಳಿ. ಪಿಷ್ಟ 1 ಮಿ.ಲೀ., ತೆಳು ಮಾಡಿದ ಕಿಣ್ವ 0.5 ಮಿ.ಲೀ. ಬೆರೆಸಿ, ನಿಮಿಷಕ್ಕೊಂದು ಹನಿ ತೆಗೆದು ಅಯೋಡಿನ್ ಮೇಲೆ ಬಿಡಿ. 10 ನಿಮಿಷದೊಳಗೆ ನೀಲಿ ಪೂರ್ತಿ ಹೋಗಿ ಬರೀ ಹಳದಿ ಉಳಿದರೆ ಕಿಣ್ವ ಜಾಸ್ತಿ ಆಯಿತು. ಇನ್ನೂ ತೆಳು ಮಾಡಿ. 10, 20, 50 ಪಟ್ಟು ಹೀಗೆ ನೋಡುತ್ತ ಹೋದರೆ ಸರಿಯಾದ್ದು ಬೇಗ ಸಿಗುತ್ತದೆ. ಡಿಎನ್‌ಎಸ್ ಖರ್ಚಿಲ್ಲದೆ ಆಗುವ ಪರೀಕ್ಷೆ ಇದು.

ಸ್ಟ್ಯಾಂಡರ್ಡ್ ಗ್ರಾಫ್

ಪಿಷ್ಟ ಒಡೆದಾಗ ಬರುವ ಸಕ್ಕರೆ ಮಾಲ್ಟೋಸ್. ಎಷ್ಟು ಮಾಲ್ಟೋಸ್‌ಗೆ ಎಷ್ಟು ಬಣ್ಣ ಎಂದು ಈ ಗ್ರಾಫ್ ಹೇಳುತ್ತದೆ. ಮಾಲ್ಟೋಸ್ ದ್ರಾವಣ 1 ಮಿ.ಲೀ.ಗೆ 2 ಮಿಲಿಗ್ರಾಂ ಇರುವಂತೆ ಮಾಡಿಕೊಳ್ಳಿ. ಆರು ಟ್ಯೂಬುಗಳಿಗೆ 0, 0.2, 0.4, 0.6, 0.8, 1.0 ಮಿ.ಲೀ. ಹಾಕಿ, ಬಫರ್ ಸೇರಿಸಿ ಎಲ್ಲವನ್ನೂ 1.5 ಮಿ.ಲೀ.ಗೆ ತನ್ನಿ. 1.5 ಮಿ.ಲೀ. ಡಿಎನ್‌ಎಸ್ ಹಾಕಿ, ಬಾಯಿಗೆ ಫಾಯಿಲ್ ಮುಚ್ಚಿ, ಕುದಿಯುವ ನೀರಿನಲ್ಲಿ ಸರಿಯಾಗಿ 5 ನಿಮಿಷ ಇಡಿ. ತಣ್ಣೀರಿನಲ್ಲಿ ಆರಿಸಿ, 3 ಮಿ.ಲೀ. ನೀರು ಹಾಕಿ ಬೆರೆಸಿ, ಕಲರಿಮೀಟರ್‌ನಲ್ಲಿ 540 ನ್ಯಾನೋಮೀಟರ್ ಅಲೆಯುದ್ದದ ಬೆಳಕಿನಲ್ಲಿ ಓದಿ. ಸಕ್ಕರೆ ಇಲ್ಲದ ಟ್ಯೂಬಿನಿಂದ ಮಷಿನ್ ಸೊನ್ನೆ ಮಾಡಿ. ಹಳದಿಯಿಂದ ಕೆಂಗಂದಿಗೆ ಏರುವ ಬಣ್ಣದ ಸಾಲು ಬರುತ್ತದೆ.

ಮಾಲ್ಟೋಸ್ ಬಾಟಲಿಯ ಲೇಬಲ್ ಓದಿ. ಹೆಚ್ಚಾಗಿ ಸಿಗುವುದು ಮೋನೋಹೈಡ್ರೇಟ್, ಅದರ ಅಣುತೂಕ 360. ನೀರಿಲ್ಲದ ಮಾಲ್ಟೋಸ್‌ನದು 342. ಮೋನೋಹೈಡ್ರೇಟ್ ತೂಗಿ 342ರಿಂದ ಭಾಗಿಸಿದರೆ ಉತ್ತರ ಶೇ. 5ರಷ್ಟು ಹೆಚ್ಚು ಬರುತ್ತದೆ.

ಗ್ರಾಫಿನ ಗೆರೆ ಸೊನ್ನೆಯ ಮೂಲಕ ಹಾಯಲೇಬೇಕು ಎಂದು ಹಠ ಹಿಡಿಯಬೇಡಿ. ಡಿಎನ್‌ಎಸ್‌ನಲ್ಲಿ ತೀರಾ ಕಡಿಮೆ ಸಕ್ಕರೆಗೆ ಬಣ್ಣ ಸರಿಯಾಗಿ ಬರುವುದಿಲ್ಲ. ನೀರಿನಲ್ಲಿ ಕರಗಿದ ಆಮ್ಲಜನಕ ಅಡ್ಡಬರುವುದು ಇದಕ್ಕೆ ಒಂದು ಕಾರಣ. ಹಾಗಾಗಿ ಗೆರೆ ಸೊನ್ನೆಗಿಂತ ಸ್ವಲ್ಪ ಕೆಳಗೆ ಅಕ್ಷವನ್ನು ಮುಟ್ಟುವುದು ಸಹಜ. ಬಿಂದುಗಳು ಹೇಗೆ ಬಿದ್ದಿವೆಯೋ ಹಾಗೆ ಗೆರೆ ಎಳೆಯಿರಿ. ಗ್ರಾಫ್ ಚೆಂದ ಕಾಣಲಿ ಎಂದು ಸುಮ್ನೆ ಸೊನ್ನೆಗೆ ಜೋಡಿಸುವುದು ವಿಜ್ಞಾನಕ್ಕೆ ಮಾಡುವ ಮೋಸ.

ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದು 98.5 ಡಿಗ್ರಿಯ ಹತ್ತಿರ. ಬೀದರ್ ಇನ್ನೂ ಎತ್ತರ, ಅಲ್ಲಿ ಇನ್ನೂ ಸ್ವಲ್ಪ ಕಡಿಮೆ. ಸ್ಟ್ಯಾಂಡರ್ಡ್ ಮತ್ತು ಸ್ಯಾಂಪಲ್ ಎರಡನ್ನೂ ಒಂದೇ ಪಾತ್ರೆಯಲ್ಲಿ ಕುದಿಸಿದರೆ ಇದರಿಂದ ತೊಂದರೆ ಇಲ್ಲ. ಬೇರೆ ಊರಿನಲ್ಲಿ ಮಾಡಿದ, ಅಥವಾ ಹೋದ ವರ್ಷದ ಗ್ರಾಫನ್ನು ತಂದು ಬಳಸಿದರೆ ತೊಂದರೆ. ಪ್ರತಿ ಸಲವೂ ಹೊಸ ಗ್ರಾಫ್ ಮಾಡಿ.

ಅಸಲಿ ಅಳತೆ, ಮತ್ತು 40 ಡಿಗ್ರಿ ಯಾಕೆ

ಪುಸ್ತಕಗಳಲ್ಲಿ ‘ರೂಮ್ ಟೆಂಪರೇಚರ್’ ಎಂದು ಬರೆದಿರುತ್ತದೆ. ಅದನ್ನು ಬರೆದವರ ಮನಸ್ಸಿನಲ್ಲಿ ಇದ್ದದ್ದು 20, 25 ಡಿಗ್ರಿಯ ಕೋಣೆ. 1955ರ ಬರ್ನ್‌ಫೆಲ್ಡ್ ಅವರ ಹೆಸರಾಂತ ಅಮೈಲೇಸ್ ವಿಧಾನ 20 ಡಿಗ್ರಿಯಲ್ಲಿ ಮಾಡುವಂಥದ್ದು. ಮೇ ತಿಂಗಳ ಕಲಬುರಗಿಯಲ್ಲಿ ಹೊರಗೆ 40 ದಾಟಿರುತ್ತದೆ, ಫ್ಯಾನ್ ತಿರುಗುವ ಲ್ಯಾಬಿನೊಳಗೂ 35, 36 ಇರುತ್ತದೆ. ಡಿಸೆಂಬರ್ ಬೆಳಗ್ಗೆ ಅದೇ ಲ್ಯಾಬು 20ಕ್ಕೆ ಇಳಿದಿರುತ್ತದೆ. ಶಾಖ 10 ಡಿಗ್ರಿ ಏರಿದರೆ ಕಿಣ್ವದ ವೇಗ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಪಟ್ಟಾಗುತ್ತದೆ. ಹಾಗಾದರೆ ನಮ್ಮ ರೂಮ್ ಟೆಂಪರೇಚರ್‌ಗೆ ಏನರ್ಥ ಉಳಿಯಿತು?

ಸಾದಾ ವಾಟರ್ ಬಾತ್ ನೀರನ್ನು ಕಾಯಿಸಬಲ್ಲದು, ತಣ್ಣಗೆ ಮಾಡಲಾರದು. 30 ಡಿಗ್ರಿಗೆ ಇಟ್ಟರೆ ಬೇಸಿಗೆಯಲ್ಲಿ ಅದು 35ರಲ್ಲೇ ನಿಲ್ಲುತ್ತದೆ. ಅದಕ್ಕೇ ನಮ್ಮ ಭಾಗಕ್ಕೆ 40 ಡಿಗ್ರಿ ಸರಿಯಾದ ಆಯ್ಕೆ ಎಂದು ನನ್ನ ಅಭಿಪ್ರಾಯ. ವರ್ಷವಿಡೀ ಅದನ್ನು ಹಿಡಿದಿಡಬಹುದು. ಜೋಳದ ಅಮೈಲೇಸ್ 10 ನಿಮಿಷ 40 ಡಿಗ್ರಿಯನ್ನು ಆರಾಮಾಗಿ ತಾಳುತ್ತದೆ. ಬೇಸಿಗೆಯಲ್ಲಿ ಮಧ್ಯಾಹ್ನ ಬಿಟ್ಟು ಬೆಳಗ್ಗೆ ಮಾಡಿ. ಬಾತಿನ ಡಯಲ್ ನಂಬಬೇಡಿ, ಥರ್ಮಾಮೀಟರ್ ಮುಳುಗಿಸಿ ನೋಡಿ.

ವಾಟರ್ ಬಾತ್ ಇಲ್ಲದ ಕಾಲೇಜಿನಲ್ಲೂ ಇದು ಆಗುತ್ತದೆ. ಥರ್ಮಾಕೋಲ್ ಡಬ್ಬಿಯಲ್ಲಿ ಎರಡು ಮೂರು ಲೀಟರ್ 40 ಡಿಗ್ರಿ ನೀರು ತುಂಬಿ ಮುಚ್ಚಳ ಹಾಕಿದರೆ 10 ನಿಮಿಷದಲ್ಲಿ ಶಾಖ ಹೆಚ್ಚೇನೂ ಇಳಿಯುವುದಿಲ್ಲ. ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ಕುದಿಸುವ ಹೆಜ್ಜೆಗೆ ಗ್ಯಾಸ್ ಒಲೆಯೇ ಮೇಲು. ನಡುವೆ ಕರೆಂಟ್ ಹೋಗಿ ಕುದಿ ನಿಂತರೆ ಆ ಇಡೀ ಸಾಲಿನ ಟ್ಯೂಬುಗಳು ವ್ಯರ್ಥ.

ಈಗ ಕೆಲಸಕ್ಕೆ ಇಳಿಯೋಣ. ಆರು ಟ್ಯೂಬುಗಳಿಗೆ 1 ಮಿ.ಲೀ. ಪಿಷ್ಟ ಹಾಕಿ 40 ಡಿಗ್ರಿ ನೀರಿನಲ್ಲಿ 5 ನಿಮಿಷ ಇಡಿ. ತೆಳು ಮಾಡಿದ ಕಿಣ್ವವನ್ನೂ ಬೇರೆ ಟ್ಯೂಬಿನಲ್ಲಿ ಎರಡು ನಿಮಿಷ ಅದೇ ನೀರಿನಲ್ಲಿ ಬೆಚ್ಚಗಾಗಿಸಿ. ಇದನ್ನು ಹೆಚ್ಚಿನವರು ಮರೆಯುತ್ತಾರೆ. 40 ಡಿಗ್ರಿಯ 1 ಮಿ.ಲೀ. ಪಿಷ್ಟಕ್ಕೆ ಐಸಿನಿಂದ ತೆಗೆದ 0.5 ಮಿ.ಲೀ. ಕಿಣ್ವ ಸುರಿದರೆ ಮಿಶ್ರಣ ಒಮ್ಮೆಲೇ 27 ಡಿಗ್ರಿಗೆ ಇಳಿಯುತ್ತದೆ. ಮೊದಲ ಒಂದೆರಡು ನಿಮಿಷದ ವೇಗವೇ ಸುಳ್ಳಾಗುತ್ತದೆ.

ಒಂದು ಟ್ಯೂಬು ಸೊನ್ನೆ ನಿಮಿಷದ್ದು. ಅದಕ್ಕೆ ಮೊದಲು 1.5 ಮಿ.ಲೀ. ಡಿಎನ್‌ಎಸ್, ಆಮೇಲೆ 0.5 ಮಿ.ಲೀ. ಕಿಣ್ವ. ಕ್ಷಾರದಲ್ಲಿ ಕಿಣ್ವ ಕೆಲಸ ಮಾಡುವುದಿಲ್ಲ. ಮೊಳಕೆ ಕಾಳಿನಲ್ಲಿ ಮೊದಲೇ ಇರುವ ಸಕ್ಕರೆ ಎಷ್ಟು ಎಂಬುದನ್ನು ಈ ಟ್ಯೂಬು ಹೇಳುತ್ತದೆ. ಮೊಳಕೆ ಜೋಳದಲ್ಲಿ ಆ ಸಕ್ಕರೆ ಬಹಳ ಇರುತ್ತದೆ. ಈ ಟ್ಯೂಬು ಇಲ್ಲದೆ ಮಾಡಿದ ಅಳತೆಗೆ ಬೆಲೆಯೇ ಇಲ್ಲ.

ಉಳಿದ ಐದಕ್ಕೆ 2, 4, 6, 8, 10 ನಿಮಿಷ. ಒಬ್ಬರೇ ಮಾಡುವಾಗ ಗಡಿಬಿಡಿ ಆಗದಿರಲು ಉದ್ದನೆಯದನ್ನು ಮೊದಲು ಶುರು ಮಾಡಿ. ಸ್ಟಾಪ್‌ವಾಚ್ ಸೊನ್ನೆ ತೋರಿಸುವಾಗ 10 ನಿಮಿಷದ ಟ್ಯೂಬಿಗೆ 0.5 ಮಿ.ಲೀ. ಕಿಣ್ವ ಹಾಕಿ. ಅರ್ಧ ನಿಮಿಷಕ್ಕೆ 8ರದ್ದು, 1 ನಿಮಿಷಕ್ಕೆ 6ರದ್ದು, ಒಂದೂವರೆಗೆ 4ರದ್ದು, 2 ನಿಮಿಷಕ್ಕೆ 2ರದ್ದು. ಹೀಗೆ ಮಾಡಿದರೆ ಡಿಎನ್‌ಎಸ್ ಹಾಕಿ ನಿಲ್ಲಿಸುವ ಸಮಯ ಕ್ರಮವಾಗಿ 4, 5.5, 7, 8.5, 10 ನಿಮಿಷಕ್ಕೆ ಬರುತ್ತದೆ. ಎರಡು ಟ್ಯೂಬು ಒಟ್ಟಿಗೆ ಕೈಗೆ ಬರುವುದೇ ಇಲ್ಲ, ಮಧ್ಯೆ ಒಂದೂವರೆ ನಿಮಿಷ ಬಿಡುವು. ಯಾವ ಟ್ಯೂಬು ಎಷ್ಟು ಹೊತ್ತಿನದು ಎಂದು ಮಾರ್ಕರಿನಲ್ಲಿ ಮೊದಲೇ ಬರೆದಿರಿ.

ಪ್ರತಿ ಟ್ಯೂಬಿಗೂ 1.5 ಮಿ.ಲೀ. ಡಿಎನ್‌ಎಸ್ ಬಿದ್ದ ಮೇಲೆ ಆರನ್ನೂ ಒಟ್ಟಿಗೆ 5 ನಿಮಿಷ ಕುದಿಸಿ, ಆರಿಸಿ, 3 ಮಿ.ಲೀ. ನೀರು ಹಾಕಿ, ಓದಿ. ಇಡೀ ಸಾಲನ್ನು ಇನ್ನೊಮ್ಮೆ ಮಾಡಿ. ರೀಡಿಂಗ್ 0.1ರಿಂದ 0.8ರ ನಡುವೆ ಇದ್ದರೆ ನಂಬಬಹುದು.

ಗೆರೆ ನೇರ ಇದೆಯಾ?

ಪ್ರತಿ ರೀಡಿಂಗನ್ನೂ ಸ್ಟ್ಯಾಂಡರ್ಡ್ ಗ್ರಾಫಿನಿಂದ ಮಿಲಿಗ್ರಾಂ ಮಾಲ್ಟೋಸ್‌ಗೆ ತಿರುಗಿಸಿ, ಸೊನ್ನೆ ನಿಮಿಷದ ಮಾಲ್ಟೋಸ್ ಕಳೆಯಿರಿ. ರೀಡಿಂಗ್‌ನಿಂದ ರೀಡಿಂಗ್ ಕಳೆದು ಆಮೇಲೆ ತಿರುಗಿಸಬೇಡಿ, ಗ್ರಾಫ್ ಸೊನ್ನೆಯ ಮೂಲಕ ಹಾಯದಿದ್ದಾಗ ಅದು ತಪ್ಪುತ್ತದೆ. ಸೊನ್ನೆ ನಿಮಿಷದ ರೀಡಿಂಗ್ ಗ್ರಾಫಿನ ಮೊದಲ ಬಿಂದುವಿಗಿಂತ ಕೆಳಗಿದ್ದರೆ ಕಳೆಯುವುದನ್ನೇ ಬಿಡಿ, ನಿಮಿಷಗಳ ಗೆರೆಯ ಇಳಿಜಾರಿನಿಂದ ವೇಗ ನೇರವಾಗಿ ಸಿಗುತ್ತದೆ. ಅಡ್ಡ ಅಕ್ಷದಲ್ಲಿ ನಿಮಿಷ, ನಿಂತ ಅಕ್ಷದಲ್ಲಿ ಮಾಲ್ಟೋಸ್.

ಗೆರೆ ನೇರವಾಗಿದ್ದರೆ ಅದರ ಇಳಿಜಾರೇ ವೇಗ. 6 ನಿಮಿಷದ ನಂತರ ಬಾಗಿದರೆ ಮೊದಲ ಮೂರು ಬಿಂದುಗಳನ್ನಷ್ಟೇ ಹಿಡಿಯಿರಿ, ಅಥವಾ ಕಿಣ್ವ ಇನ್ನೂ ತೆಳು ಮಾಡಿ ಮತ್ತೆ ಮಾಡಿ. ಪಿಷ್ಟ ಖರ್ಚಾದಂತೆ, ಮಾಲ್ಟೋಸ್ ತುಂಬಿದಂತೆ ವೇಗ ತಗ್ಗುತ್ತದೆ. ನಮ್ಮ ಟ್ಯೂಬಿನಲ್ಲಿರುವುದು 10 ಮಿಲಿಗ್ರಾಂ ಪಿಷ್ಟ. ಅದರಲ್ಲಿ ಹತ್ತನೇ ಒಂದು ಭಾಗದ ಆಸುಪಾಸು ಖರ್ಚಾಗುವವರೆಗೆ ಗೆರೆ ನೇರ ಇರುತ್ತದೆ ಎಂದು ನಿರೀಕ್ಷಿಸಬಹುದು.

ಇನ್ನೊಂದು ಪರೀಕ್ಷೆ ಇನ್ನೂ ಮುಖ್ಯ. ಕಿಣ್ವವನ್ನು ಅರ್ಧಕ್ಕೆ ಇಳಿಸಿ ಮತ್ತೆ ಅಳೆಯಿರಿ. ವೇಗವೂ ಅರ್ಧ ಆಗಬೇಕು. ಆಗದಿದ್ದರೆ ನೀವು ಅಳೆಯುತ್ತಿರುವುದು ಕಿಣ್ವವನ್ನಲ್ಲ, ಪಿಷ್ಟದ ಕೊರತೆಯನ್ನೋ ಬಣ್ಣದ ದೋಷವನ್ನೋ ಇನ್ನೇನನ್ನೋ. ವೈವಾದಲ್ಲಿ ನಾನು ಕೇಳುವ ಮೊದಲ ಪ್ರಶ್ನೆ ಇದೇ: ಕಿಣ್ವ ಅರ್ಧ ಮಾಡಿದಾಗ ಏನಾಯಿತು? ಇದಕ್ಕೆ ತನ್ನ ಗ್ರಾಫ್ ತೋರಿಸಿ ಉತ್ತರಿಸುವ ವಿದ್ಯಾರ್ಥಿಗೆ ವಿಷಯ ತಿಳಿದಿದೆ ಎಂದೇ ಲೆಕ್ಕ.

ಲೆಕ್ಕ

ಉದಾಹರಣೆಗೆ, 20 ಪಟ್ಟು ತೆಳು ಮಾಡಿದ ಕಿಣ್ವದಲ್ಲಿ ಗೆರೆಯ ಇಳಿಜಾರು ನಿಮಿಷಕ್ಕೆ 0.12 ಮಿಲಿಗ್ರಾಂ ಮಾಲ್ಟೋಸ್ ಬಂತು ಎಂದುಕೊಳ್ಳಿ. ಅಂದರೆ 120 ಮೈಕ್ರೋಗ್ರಾಂ. 342ರಿಂದ ಭಾಗಿಸಿದರೆ 0.35 ಮೈಕ್ರೋಮೋಲ್. ನಿಮಿಷಕ್ಕೆ 1 ಮೈಕ್ರೋಮೋಲ್ ಮಾಲ್ಟೋಸ್ ಬಿಡಿಸುವ ಕಿಣ್ವಕ್ಕೆ 1 ಯೂನಿಟ್ ಎನ್ನುತ್ತೇವೆ. ಹಾಗಾಗಿ ಟ್ಯೂಬಿನಲ್ಲಿ 0.35 ಯೂನಿಟ್ ಇದೆ.

ಇದು 0.5 ಮಿ.ಲೀ.ನಲ್ಲಿದ್ದದ್ದು, 1 ಮಿ.ಲೀ.ಗೆ 0.7. ಅದನ್ನು 20ರಿಂದ ಗುಣಿಸಿದರೆ ಮೂಲ ಸತ್ವದಲ್ಲಿ ಮಿ.ಲೀ.ಗೆ 14 ಯೂನಿಟ್. ಒಟ್ಟು ಸತ್ವ 10 ಮಿ.ಲೀ. ಇದ್ದರೆ 140 ಯೂನಿಟ್, 2 ಗ್ರಾಂ ಕಾಳಿನಿಂದ. ಗ್ರಾಂಗೆ 70 ಯೂನಿಟ್ ಆಯಿತು.

ಆದರೆ ಮೊಳಕೆ ಕಾಳು ಒದ್ದೆ ಕಾಳು. ಅದೇ ಕಾಳಿನ ಇನ್ನೊಂದು ಪಾಲನ್ನು 105 ಡಿಗ್ರಿಯಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿ ನೋಡಿ. ನೀರು ಶೇ. 45 ಇದ್ದರೆ ಒಣ ತೂಕದ ಗ್ರಾಂಗೆ 127 ಯೂನಿಟ್ ಆಗುತ್ತದೆ. ಬೇಸಿಗೆಯ ಮೊಳಕೆ, ಚಳಿಗಾಲದ ಮೊಳಕೆ ಹೋಲಿಸಲು ಇದೇ ಸರಿಯಾದ ಸಂಖ್ಯೆ. ಬರೆಯುವಾಗ ಶಾಖ, ಪಿಎಚ್, ಪಿಷ್ಟದ ಪ್ರಮಾಣ ಮೂರನ್ನೂ ಜೊತೆಗೆ ಬರೆಯಿರಿ. ಅವಿಲ್ಲದೆ ಯೂನಿಟ್‌ಗೆ ಅರ್ಥವಿಲ್ಲ.

ಇಲ್ಲಿ ಅಳೆದದ್ದು ಆಲ್ಫಾ, ಬೀಟಾ ಎರಡೂ ಅಮೈಲೇಸ್ ಸೇರಿ. ಆಲ್ಫಾ ಮಾತ್ರ ಬೇಕಿದ್ದರೆ ಕ್ಯಾಲ್ಸಿಯಂ ಇರುವ ಸತ್ವವನ್ನು 70 ಡಿಗ್ರಿಯಲ್ಲಿ 15 ನಿಮಿಷ ಇಟ್ಟು, ಬೇಗ ಐಸಿಗೆ ಹಾಕಿ ಅಳೆಯುವುದು ರೂಢಿ. ಆ ಶಾಖಕ್ಕೆ ಬೀಟಾ ಕೆಡುತ್ತದೆ, ಕ್ಯಾಲ್ಸಿಯಂ ಬಲದಿಂದ ಆಲ್ಫಾ ಬಹುಪಾಲು ಉಳಿಯುತ್ತದೆ.

ಪ್ರೋಟೀನ್ ಅಳೆಯುವುದು

ಎರಡು ಸತ್ವಗಳನ್ನು ಹೋಲಿಸಲು ಒಂದು ಮಿಲಿಗ್ರಾಂ ಪ್ರೋಟೀನಿಗೆ ಎಷ್ಟು ಯೂನಿಟ್ ಎಂದು ಕೇಳುತ್ತಾರೆ. 1976ರ ಬ್ರಾಡ್‌ಫೋರ್ಡ್ ವಿಧಾನ ಇದಕ್ಕೆ ಸುಲಭ. 100 ಮಿಲಿಗ್ರಾಂ ಕೂಮಾಸಿ ಬ್ರಿಲಿಯಂಟ್ ಬ್ಲೂ ಜಿ-250 ಬಣ್ಣವನ್ನು 50 ಮಿ.ಲೀ. ಶೇ. 95ರ ಎಥನಾಲ್‌ನಲ್ಲಿ ಕರಗಿಸಿ, 100 ಮಿ.ಲೀ. ಶೇ. 85ರ ಫಾಸ್ಫಾರಿಕ್ ಆಮ್ಲ ಸೇರಿಸಿ, 1 ಲೀಟರ್ ಮಾಡಿ ಸೋಸಿ. 0.1 ಮಿ.ಲೀ. ಸ್ಯಾಂಪಲ್‌ಗೆ 5 ಮಿ.ಲೀ. ಇದನ್ನು ಹಾಕಿ, 5 ನಿಮಿಷದ ನಂತರ 595 ನ್ಯಾನೋಮೀಟರ್‌ನಲ್ಲಿ ಓದಿ. ಸ್ಟ್ಯಾಂಡರ್ಡ್‌ಗೆ ಬಿಎಸ್‌ಎ ಎಂಬ ದನದ ರಕ್ತದ ಪ್ರೋಟೀನ್, 10ರಿಂದ 100 ಮೈಕ್ರೋಗ್ರಾಂವರೆಗೆ. ಸೋಪಿನಲ್ಲಿ ತೊಳೆದು ಸರಿಯಾಗಿ ಜಾಲಿಸದ ಟ್ಯೂಬು ಇದಕ್ಕೆ ಶತ್ರು, ಸೋಪಿನ ಅಂಶ ಬಣ್ಣ ಕೆಡಿಸುತ್ತದೆ. ರೀಡಿಂಗ್ ತೆಗೆಯುವ ಪುಟ್ಟ ಪಾತ್ರೆಯಾದ ಕುವೆಟ್ಟಿಗೆ ನೀಲಿ ಅಂಟುತ್ತದೆ, ಎಥನಾಲ್‌ನಲ್ಲಿ ತೊಳೆಯಿರಿ.

ಮಿ.ಲೀ.ಗೆ 3.5 ಮಿಲಿಗ್ರಾಂ ಪ್ರೋಟೀನ್ ಬಂತು ಎಂದರೆ 14ನ್ನು 3.5ರಿಂದ ಭಾಗಿಸಿ, ಮಿಲಿಗ್ರಾಂಗೆ 4 ಯೂನಿಟ್. ಇದು ಬಫರ್‌ಗೆ ಇಳಿದ ಪ್ರೋಟೀನ್ ಮಾತ್ರ ಎಂಬುದು ನೆನಪಿರಲಿ. ಜೋಳದ ಮುಖ್ಯ ಪ್ರೋಟೀನ್ ಕಫಿರಿನ್ ನೀರಿಗೆ ಬರುವುದೇ ಇಲ್ಲ.

ಎಡವಟ್ಟಾದರೆ ಎಲ್ಲಿ ನೋಡಬೇಕು

ಸೊನ್ನೆ ನಿಮಿಷದ ಟ್ಯೂಬೇ ಕಡುಗಂದು ಬಂದರೆ ಸತ್ವದಲ್ಲಿ ಸಕ್ಕರೆ ಜಾಸ್ತಿ. ಇನ್ನಷ್ಟು ತೆಳು ಮಾಡಿ, ಅಥವಾ ತಣ್ಣನೆ ಬಫರ್‌ನಲ್ಲಿ ರಾತ್ರಿಯಿಡೀ ಡಯಾಲಿಸಿಸ್ ಮಾಡಿ (ಸಣ್ಣ ಅಣುಗಳನ್ನಷ್ಟೇ ಹೊರಬಿಡುವ ಚೀಲದಲ್ಲಿಟ್ಟು) ಸಕ್ಕರೆ ತೆಗೆಯಿರಿ. ಎಲ್ಲಾ ನಿಮಿಷಕ್ಕೂ ಒಂದೇ ರೀಡಿಂಗ್ ಬಂದರೆ ಎರಡು ಸಾಧ್ಯತೆ: ಕಿಣ್ವ ಸತ್ತಿದೆ, ಇಲ್ಲವೇ ಮೊದಲ ಎರಡು ನಿಮಿಷದಲ್ಲೇ ಪಿಷ್ಟವನ್ನೆಲ್ಲ ಮುಗಿಸಿದೆ. ಅಯೋಡಿನ್ ಹನಿ ಹಾಕಿದರೆ ಯಾವುದು ಎಂದು ತಕ್ಷಣ ಗೊತ್ತಾಗುತ್ತದೆ. ಕುವೆಟ್ ಮಬ್ಬಾಗಿ ಕಂಡರೆ ಪ್ರೋಟೀನ್ ಅಥವಾ ಪಿಷ್ಟ ಗಟ್ಟಿಯಾಗಿ ತೇಲುತ್ತಿದೆ, ಒಂದು ಸುತ್ತು ಸೆಂಟ್ರಿಫ್ಯೂಜ್ ಮಾಡಿ ಓದಿ. ಒಂದೇ ಸ್ಯಾಂಪಲ್‌ನ ಎರಡು ಟ್ಯೂಬು ಬೇರೆ ಬೇರೆ ಬಂದರೆ ಹೆಚ್ಚಿನ ಸಲ ಕಾರಣ ಪಿಪೆಟ್. ಪಿಷ್ಟದ ದ್ರಾವಣ ಮಂದ, ಬೇಗ ಎಳೆದರೆ ಗಾಳಿಗುಳ್ಳೆ ಸೇರುತ್ತದೆ. ನಿಧಾನಕ್ಕೆ ಎಳೆದು, ತುದಿಯನ್ನು ಗೋಡೆಗೆ ತಾಗಿಸಿ ಬಿಡಿ.

ಇದೇ ಹಾದಿಯಲ್ಲಿ ಮುಂದಿನದು

ವೇಗ ಅಳೆಯುವುದು ಕೈಗೆ ಬಂತು ಎಂದರೆ ಪಿಷ್ಟದ ಪ್ರಮಾಣ ಬದಲಿಸುತ್ತ ಕೆಎಂ, ಅಂದರೆ ವೇಗ ಗರಿಷ್ಠದ ಅರ್ಧಕ್ಕೆ ಬರುವ ಪಿಷ್ಟದ ಪ್ರಮಾಣವನ್ನು ಕಂಡುಹಿಡಿಯಬಹುದು. ಶೇ. 0.1ರಿಂದ 1ರವರೆಗೆ ಆರೇಳು ಪ್ರಮಾಣ ಸಾಕು. ಪಿಷ್ಟಕ್ಕೆ ನಿಶ್ಚಿತ ಅಣುತೂಕ ಇಲ್ಲವಾದ್ದರಿಂದ ಉತ್ತರವನ್ನು ಮಿ.ಲೀ.ಗೆ ಎಷ್ಟು ಮಿಲಿಗ್ರಾಂ ಎಂದು ಬರೆಯಿರಿ. ಮಿಕಾಯೆಲಿಸ್ ಮತ್ತು ಮೆಂಟೆನ್ 1913ರಲ್ಲಿ ಕೊಟ್ಟ ಸಮೀಕರಣವನ್ನು ಈಗ ಯಾವ ಕಂಪ್ಯೂಟರಿನಲ್ಲೂ ನೇರವಾಗಿ ಹೊಂದಿಸಬಹುದು. ವೇಗ, ಪಿಷ್ಟ ಎರಡರಿಂದಲೂ 1ನ್ನು ಭಾಗಿಸಿ ಎಳೆಯುವ 1934ರ ಲೈನ್‌ವೀವರ್-ಬರ್ಕ್ ಗ್ರಾಫ್ ಪರೀಕ್ಷೆಗೆ ಬೇಕು, ಸರಿ. ಆದರೆ ಅದರಲ್ಲಿ ಕಡಿಮೆ ಪಿಷ್ಟದ ಟ್ಯೂಬಿನ ಸಣ್ಣ ತಪ್ಪು ದೊಡ್ಡದಾಗಿ ಗೆರೆಯನ್ನೇ ಎಳೆದಾಡುತ್ತದೆ. ಅದೊಂದನ್ನೇ ನೆಚ್ಚಬೇಡಿ.

ಸ್ಪೆಕ್ಟ್ರೋಫೋಟೋಮೀಟರ್ ಇದ್ದವರು ಟ್ಯೂಬು ನಿಲ್ಲಿಸದೆ ನೋಡುತ್ತಲೇ ವೇಗ ಅಳೆಯುವ ವಿಧಾನಗಳಿಗೂ ಹೋಗಬಹುದು. ಆಸ್ಪತ್ರೆ ಲ್ಯಾಬುಗಳಲ್ಲಿ ಎಸ್‌ಜಿಪಿಟಿ ಎಂಬ ಯಕೃತ್ತಿನ ಕಿಣ್ವವನ್ನು ಅಳೆಯುವುದು ಹಾಗೆಯೇ. 340 ನ್ಯಾನೋಮೀಟರ್‌ನಲ್ಲಿ ಎನ್‌ಎಡಿಎಚ್ ಎಂಬ ವಸ್ತು ಕಡಿಮೆಯಾಗುವುದನ್ನು ಮಷಿನ್ ಕ್ಷಣಕ್ಷಣಕ್ಕೂ ಓದುತ್ತದೆ.

ನಮ್ಮ ಜಿಲ್ಲೆಯ ವಿದ್ಯಾರ್ಥಿಗಳಿಗೆ ನಾನು ಹೇಳುವ ಮುಂದಿನ ಪ್ರಾಜೆಕ್ಟ್ ತೊಗರಿಯದು. 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ಗುಲ್ಬರ್ಗಾ ತೊಗರಿ ಬೇಳೆ ಇಲ್ಲೇ ಬೆಳೆಯುತ್ತದೆ. ಹಸಿ ತೊಗರಿಯಲ್ಲಿ, ನಮ್ಮ ಊಟದ ಪ್ರೋಟೀನನ್ನು ಜೀರ್ಣಿಸುವ ಟ್ರಿಪ್ಸಿನ್ ಕಿಣ್ವವನ್ನು ತಡೆಯುವ ಪ್ರೋಟೀನ್ ಇರುತ್ತದೆ. ಬೇಳೆ ಬೇಯಿಸಿದಾಗ ಅದರ ಬಹುಪಾಲು ಕೆಡುತ್ತದೆ. ಬಿಎಪಿಎನ್‌ಎ ಎಂಬ ವಸ್ತುವನ್ನು ಟ್ರಿಪ್ಸಿನ್ ಒಡೆದಾಗ ಹಳದಿ ಬಣ್ಣ ಬರುತ್ತದೆ, ಅದನ್ನು 410 ನ್ಯಾನೋಮೀಟರ್‌ನಲ್ಲಿ ಓದಬಹುದು. ಟ್ರಿಪ್ಸಿನ್ ಒಂದೇ ಇರುವ ಟ್ಯೂಬು, ತೊಗರಿ ಸತ್ವ ಸೇರಿಸಿದ ಟ್ಯೂಬು, ಎರಡರ ವೇಗದ ವ್ಯತ್ಯಾಸವೇ ತಡೆಯ ಅಳತೆ. ಬೇಳೆಯನ್ನು 0, 5, 10, 20, 30 ನಿಮಿಷ ಬೇಯಿಸಿ ಸತ್ವ ತೆಗೆಯಿರಿ. ಸೊನ್ನೆ ನಿಮಿಷದ ಟ್ಯೂಬು, ಬೆಚ್ಚಗೆ ಮಾಡಿದ ಕಿಣ್ವ, ನೇರ ಗೆರೆ, ಅರ್ಧ ಕಿಣ್ವದ ಪರೀಕ್ಷೆ, ಇವೆಲ್ಲ ಇಲ್ಲಿಯೂ ಹಾಗೆಯೇ ಬೇಕು. ಟ್ರಿಪ್ಸಿನ್ ದುಬಾರಿ. ತೆಳು ಮಾಡಿದ ಮೇಲೆ ಬೇಗ ಕೆಡುತ್ತದೆ. ಹಾಗಾಗಿ ತೊಗರಿ ಸತ್ವಗಳನ್ನೆಲ್ಲ ಮೊದಲು ಸಿದ್ಧ ಮಾಡಿಟ್ಟುಕೊಂಡು, ಟ್ರಿಪ್ಸಿನ್ ಅನ್ನು ಕೊನೆಗೆ ಕರಗಿಸಿ.